ಮೂರು ಬಾಟಲಿ, ಒಂದೇ ಔಷಧಿ: ಜ್ವರದ ಸಿರಪ್‌ನಿಂದ ಲಿವರ್‌ಗೆ ಪೆಟ್ಟು ಬಿದ್ದ ಒಂದು ಪ್ರಕರಣ

ಒಂದೂವರೆ ವರ್ಷದ ಹೆಣ್ಣುಮಗು. ತೂಕ 10 ಕೆಜಿ. ಹುಟ್ಟಿದಾಗಿನಿಂದ ದೊಡ್ಡ ಕಾಯಿಲೆ ಯಾವುದೂ ಇಲ್ಲ, ಲಸಿಕೆಗಳೆಲ್ಲ ಹೊತ್ತುಹೊತ್ತಿಗೆ ಆಗಿವೆ. ಮಳೆಗಾಲದಲ್ಲಿ ಮೂರು ದಿನ ಜ್ವರ ಬಂತು, ಜೊತೆಗೆ ನೆಗಡಿ, ಸ್ವಲ್ಪ ಕೆಮ್ಮು. ನಾಲ್ಕನೇ ದಿನ ಬೆಳಗ್ಗೆ ಜ್ವರ ಬಿಟ್ಟಿತು. ಮಗು ಗೆಲುವಾಗುತ್ತದೆ ಅಂತ ಮನೆಯವರು ಕಾದರೆ, ಅದು ಮೇಲಿಂದ ಮೇಲೆ ವಾಂತಿ ಮಾಡತೊಡಗಿತು. ಹಾಲು ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಬ್ಬಿಸಿದರೆ ಕಣ್ಣು ಬಿಟ್ಟು ಮತ್ತೆ ಮಂಪರಿಗೆ ಜಾರುತ್ತಿತ್ತು. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಊರಿನಿಂದ, ಡೆಂಗಿ ಇರಬಹುದು ಎಂಬ ಅನುಮಾನದ ಮೇಲೆ ನಮ್ಮಲ್ಲಿಗೆ ಕಳಿಸಿದರು.

ನಾನು ಮಕ್ಕಳ ವೈದ್ಯ. ಯಾವ ಮನೆಯವರ ಗುರುತೂ ಸಿಗಬಾರದು ಅಂತ, ಒಂದೇ ಬಗೆಯ ತೊಂದರೆಯಾದ ಹಲವು ಮಕ್ಕಳ ವಿವರಗಳನ್ನು ಸೇರಿಸಿ ಈ ಪ್ರಕರಣ ಬರೆದಿದ್ದೇನೆ. ಔಷಧಿಯ ಲೆಕ್ಕ, ರೋಗದ ಲಕ್ಷಣ, ಚಿಕಿತ್ಸೆಯ ದಾರಿ ಎಲ್ಲವೂ ನಿಜವಾಗಿ ಆಗುವಂಥದ್ದೇ. ಇದನ್ನು ಅಪ್ಪ-ಅಮ್ಮಂದಿರು ಎಷ್ಟು ಓದಬೇಕೋ, ಮೆಡಿಕಲ್ ಶಾಪ್‌ನವರೂ ಚೀಟಿ ಬರೆಯುವ ನಾವೂ ಅಷ್ಟೇ ಓದಬೇಕು.

ಬಂದಾಗ ಹೇಗಿತ್ತು

ಡೆಂಗಿ ಅನುಮಾನ ಸರಿಯಾದದ್ದೇ. ಡೆಂಗಿಯಲ್ಲಿ ಜ್ವರ ಇಳಿದ ಮೇಲೇ ಅಪಾಯದ ದಿನಗಳು ಶುರುವಾಗುತ್ತವೆ. ವಾಂತಿ, ಸುಸ್ತು, ಮಂಪರು ಅದರಲ್ಲೂ ಬರುತ್ತವೆ. ಹಾಗಾಗಿ ಮೊದಲು ಅದೇ ದಾರಿಯಲ್ಲಿ ನೋಡಿದೆವು. ಕೈಕಾಲು ಬೆಚ್ಚಗಿದ್ದವು, ಬಿಪಿ ಸರಿ ಇತ್ತು. ಪ್ಲೇಟ್‌ಲೆಟ್ 1.9 ಲಕ್ಷ. ರಕ್ತ ಗಟ್ಟಿಯಾಗಿರಲಿಲ್ಲ. ಡೆಂಗಿ ಪರೀಕ್ಷೆ ನೆಗೆಟಿವ್.

ಆದರೆ ಹೊಟ್ಟೆ ಮುಟ್ಟಿ ನೋಡಿದಾಗ ಲಿವರ್ ಪಕ್ಕೆಲುಬಿನ ಕೆಳಗೆ ಮೂರು ಬೆರಳಷ್ಟು ಕೈಗೆ ಸಿಗುತ್ತಿತ್ತು, ಒತ್ತಿದರೆ ಮಗು ನರಳುತ್ತಿತ್ತು. ಸಕ್ಕರೆ 48 ಕ್ಕೆ ಇಳಿದಿತ್ತು. ಮಂಪರಿಗೆ ಅದೂ ಒಂದು ಕಾರಣ. ತಕ್ಷಣ ಗ್ಲೂಕೋಸ್ ಹಾಕಿದೆವು. ಒಂದು ಗಂಟೆಯಲ್ಲಿ ಲಿವರ್ ರಿಪೋರ್ಟ್ ಬಂತು. 40 ರ ಆಸುಪಾಸಿನಲ್ಲಿರಬೇಕಾದ ಎಸ್‌ಜಿಪಿಟಿ 2,300 ದಾಟಿತ್ತು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳುವ ಐಎನ್‌ಆರ್ 1.9. ಇದು 1 ರ ಹತ್ತಿರ ಇರಬೇಕು. ಕಣ್ಣು ಹಳದಿಯಾಗಿರಲಿಲ್ಲ, ಆದರೆ ಲಿವರ್ ತನ್ನ ಕೆಲಸ ನಿಲ್ಲಿಸುವ ಹಾದಿಯಲ್ಲಿತ್ತು. ಹೆಪಟೈಟಿಸ್ ಎ ಮತ್ತು ಇ ಪರೀಕ್ಷೆಗೂ ಕಳಿಸಿದೆವು. ಅವು ಆಮೇಲೆ ನೆಗೆಟಿವ್ ಬಂದವು.

ಡೆಂಗಿಯಲ್ಲೂ ಲಿವರ್ ಅಂಕಿಗಳು ಏರುತ್ತವೆ. ಬರೀ ರಿಪೋರ್ಟ್ ನೋಡುತ್ತ ಕೂತರೆ ಇಂಥ ಮಗುವಿನಲ್ಲಿ ಕಾರಣ ಗೊತ್ತಾಗುವುದಿಲ್ಲ. ಮನೆಯಲ್ಲಿ ಏನೇನು ಕೊಟ್ಟರು ಎಂದು ಕೂತು ಕೇಳಬೇಕು.

ಕವರ್‌ನಲ್ಲಿ ಬಂದ ಬಾಟಲಿಗಳು

"ಏನೇನು ಔಷಧಿ ಕೊಟ್ಟಿದ್ದೀರಮ್ಮ?" ಅಂತ ಕೇಳಿದೆ.

"ಚೀಟಿಯಲ್ಲಿದ್ದ ಜ್ವರದ ಔಷಧಿ ಒಂದೇ ಸರ್. ಆರು ಗಂಟೆಗೊಂದು ಸಲ, ಹೇಳಿದ ಹಾಗೇ ಕೊಟ್ಟಿದ್ದೀನಿ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಈ ಪ್ರಶ್ನೆಗೆ ಯಾವತ್ತೂ ಪೂರ್ತಿ ಉತ್ತರ ಸಿಗುವುದಿಲ್ಲ. ನೆಗಡಿಗೆ ಕೊಟ್ಟದ್ದು ಜ್ವರದ ಲೆಕ್ಕಕ್ಕೆ ಬರುವುದಿಲ್ಲ, ಅಜ್ಜಿ ರಾತ್ರಿ ಹಾಕಿದ ಹನಿ ಅಮ್ಮನಿಗೆ ಗೊತ್ತಿರುವುದಿಲ್ಲ. ಅದಕ್ಕೇ ಕೇಳುವ ಬದಲು, ಮನೆಯಲ್ಲಿರುವ ಅಷ್ಟೂ ಬಾಟಲಿ ತನ್ನಿ, ಖಾಲಿಯಾದದ್ದನ್ನೂ ಫ್ರಿಜ್‌ನಲ್ಲಿರುವುದನ್ನೂ ಬಿಡದೆ ತನ್ನಿ ಅಂತ ಅಪ್ಪನನ್ನು ಊರಿಗೆ ಕಳಿಸಿದೆ. ಸಂಜೆ ಅವರು ಪ್ಲಾಸ್ಟಿಕ್ ಕವರ್ ಹಿಡಿದು ಬಂದರು. ಮೂರು ಬಾಟಲಿಗಳನ್ನು ಟೇಬಲ್ ಮೇಲೆ ಸಾಲಾಗಿ ಇಟ್ಟು, ಹಿಂಬದಿಯ ಸಣ್ಣ ಅಕ್ಷರ ಓದಿದೆವು.

ಮೊದಲನೆಯದು ಚೀಟಿಯಲ್ಲಿದ್ದ ಜ್ವರದ ಸಿರಪ್. 60 ಎಂಎಲ್ ಬಾಟಲಿ, ತಳದಲ್ಲಿ ಹನಿಯೂ ಇಲ್ಲ. ಹಿಂದೆ ಬರೆದಿತ್ತು: ಪ್ರತಿ 5 ಎಂಎಲ್‌ನಲ್ಲಿ ಪ್ಯಾರಸಿಟಮಾಲ್ 250 ಮಿಲಿಗ್ರಾಂ. ಚೀಟಿ ತೆಗೆದು ನೋಡಿದೆ. ಪ್ಯಾರಸಿಟಮಾಲ್ ಸಿರಪ್, 5 ಎಂಎಲ್, 6 ಗಂಟೆಗೊಮ್ಮೆ ಅಂತಷ್ಟೇ ಇತ್ತು. ಬರೆದವರ ಮನಸ್ಸಿನಲ್ಲಿ ಇದ್ದದ್ದು 5 ಎಂಎಲ್‌ಗೆ 125 ಮಿಲಿಗ್ರಾಂ ಇರುವ ಸಿರಪ್. 10 ಕೆಜಿ ಮಗುವಿಗೆ ಅದು ಸರಿಯಾದ ಡೋಸ್. ಆದರೆ ಯಾವ ಸ್ಟ್ರೆಂತ್ ಅಂತ ಬರೆದಿರಲಿಲ್ಲ. ಅಂಗಡಿಯಲ್ಲಿ ಅವತ್ತು 125 ರದ್ದು ಮುಗಿದಿತ್ತು, 250 ರದ್ದು ಕೊಟ್ಟರು. ಅಮ್ಮ ಮುಚ್ಚಳದ ಗೆರೆಗೆ ಸರಿಯಾಗಿ, ಒಂದು ಹನಿ ಹೆಚ್ಚುಕಡಿಮೆ ಆಗದ ಹಾಗೆ 5 ಎಂಎಲ್ ಅಳೆದು ಕುಡಿಸಿದರು. ಪ್ರತಿ ಸಲವೂ ಎರಡು ಪಟ್ಟು ಔಷಧಿ ಹೋಯಿತು.

ಎರಡನೆಯದು ನೆಗಡಿ ಸಿರಪ್. ಮಗುವಿನ ಚಿಕ್ಕಪ್ಪ ಅಂಗಡಿಯಲ್ಲಿ ಕೇಳಿ ತಂದದ್ದು. ಇದಕ್ಕೆ ಚೀಟಿಯೇ ಇಲ್ಲ. ದಿನಕ್ಕೆ ಮೂರು ಸಲ 5 ಎಂಎಲ್ ಕೊಟ್ಟಿದ್ದಾರೆ, 60 ಎಂಎಲ್‌ನಲ್ಲಿ 15 ಉಳಿದಿತ್ತು. ಮುಂದುಗಡೆ ಮೂಗು ಸೋರುವ ಮಗುವಿನ ಚಿತ್ರ. ಹಿಂದುಗಡೆ ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್, ಅದರ ಜೊತೆ ಪ್ಯಾರಸಿಟಮಾಲ್ 125 ಮಿಲಿಗ್ರಾಂ. ಇದರಲ್ಲೂ ಜ್ವರದ ಔಷಧಿ ಇದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗೆ ನೋಡಿದರೆ ಈ ವಯಸ್ಸಿಗೆ ಈ ಔಷಧಿಯೇ ಕೂಡದು. ಕ್ಲೋರ್‌ಫೆನಿರಮೈನ್-ಫಿನೈಲೆಫ್ರಿನ್ ಜೋಡಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಲೇಬಲ್ ಮೇಲೆ ಎಚ್ಚರಿಕೆ ಹಾಕಲು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2023 ರ ಡಿಸೆಂಬರ್‌ನಲ್ಲಿ ಹೇಳಿದೆ.

ಮೂರನೆಯದು 15 ಎಂಎಲ್‌ನ ಪುಟ್ಟ ಡ್ರಾಪ್ಸ್ ಬಾಟಲಿ. ಹಿಂದೊಮ್ಮೆ ಲಸಿಕೆ ಹಾಕಿಸಿದಾಗ ತಂದದ್ದು ಫ್ರಿಜ್ ಬಾಗಿಲಲ್ಲಿ ಉಳಿದಿತ್ತು. ಇದನ್ನು ಕಂಡು ಅಜ್ಜಿ ಮೆಲ್ಲಗೆ ಹೇಳಿದರು: "ರಾತ್ರಿ ಮೈ ಕೆಂಡದ ಹಾಗೆ ಸುಡ್ತಿತ್ತು ಡಾಕ್ಟ್ರೇ. ಇವಳು ಮಲಗಿದ್ಳು, ಪಾಪ ಎಬ್ಬಿಸೋದು ಬೇಡ ಅಂತ ನಾನೇ ಒಂದು ಡ್ರಾಪರ್ ಹಾಕ್ದೆ. ಸಣ್ಣ ಮಕ್ಕಳದ್ದಲ್ವಾ, ಏನೂ ಆಗಲ್ಲ ಅಂದ್ಕೊಂಡೆ." ಮೂರು ರಾತ್ರಿಯೂ ಹಾಕಿದ್ದರು. ಒಂದು ಡ್ರಾಪರ್ ಅಂದರೆ 1 ಎಂಎಲ್, ಅದರಲ್ಲಿ ಪ್ಯಾರಸಿಟಮಾಲ್ 100 ಮಿಲಿಗ್ರಾಂ. ಎಳೆ ಮಕ್ಕಳ ಡ್ರಾಪ್ಸ್ ತೆಳುವಾಗಿರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಇರುವುದು ಉಲ್ಟಾ. ಕೂಸಿನ ಬಾಯಿಗೆ ಸ್ವಲ್ಪವೇ ಹಾಕಿದರೆ ಸಾಕಾಗಲಿ ಎಂದು ಅದನ್ನು ಗಟ್ಟಿಯಾಗಿ ಮಾಡಿರುತ್ತಾರೆ. ಎಂಎಲ್ ಲೆಕ್ಕದಲ್ಲಿ ಅದು 125 ರ ಸಿರಪ್‌ಗಿಂತ ನಾಲ್ಕು ಪಟ್ಟು ಗಟ್ಟಿ.

ಅಲ್ಲೇ ಕಾಗದದ ಮೇಲೆ ಕೂಡಿದೆವು. ದಿನಕ್ಕೆ ಮೊದಲ ಬಾಟಲಿಯಿಂದ 1,000 ಮಿಲಿಗ್ರಾಂ, ಎರಡನೆಯದರಿಂದ 375, ಮೂರನೆಯದರಿಂದ 100. ಒಟ್ಟು 1,475. ಮಗುವಿನ ತೂಕ 10 ಕೆಜಿ, ಅಂದರೆ ಕೆಜಿಗೆ ಸುಮಾರು 147 ಮಿಲಿಗ್ರಾಂ. ಒಂದು ದಿನಕ್ಕೆ ಕೆಜಿಗೆ 60 ಮಿಲಿಗ್ರಾಂ ದಾಟದಿದ್ದರೆ ಕ್ಷೇಮ. ಇಲ್ಲಿ ಮೂರು ದಿನ ಬಿಡದೆ ಅದರ ಎರಡೂವರೆ ಪಟ್ಟು ಹೋಗಿತ್ತು. ಆರು ವರ್ಷದೊಳಗಿನ ಮಗುವಿಗೆ ದಿನಕ್ಕೆ ಕೆಜಿಗೆ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಮೂರು ದಿನ ಹೋಗಿದ್ದರೆ, ಮಗು ಆಡಿಕೊಂಡಿದ್ದರೂ ಆಸ್ಪತ್ರೆಯಲ್ಲಿ ತೋರಿಸಲೇಬೇಕು ಎಂದು ವಿಷ ಚಿಕಿತ್ಸೆಯ ನಿಯಮ ಹೇಳುತ್ತದೆ.

ಲಿವರ್‌ನಲ್ಲಿ ಆದದ್ದು

ಸರಿಯಾದ ಡೋಸ್‌ನಲ್ಲಿ ಪ್ಯಾರಸಿಟಮಾಲ್‌ನಷ್ಟು ಒಳ್ಳೆಯ ಔಷಧಿ ಮಕ್ಕಳ ಜ್ವರ, ನೋವಿಗೆ ಇನ್ನೊಂದಿಲ್ಲ. ನಾನು ದಿನವೂ ಬರೆಯುತ್ತೇನೆ, ಮುಂದೆಯೂ ಬರೆಯುತ್ತೇನೆ. ಈ ಬರಹ ಓದಿ ಯಾರೂ ಅದಕ್ಕೆ ಹೆದರಬಾರದು.

ಒಳಗೆ ಹೋದ ಔಷಧಿಯ ಹೆಚ್ಚಿನ ಪಾಲನ್ನು ಲಿವರ್ ಸುಮ್ನೆ ಕರಗಿಸಿ ಮೂತ್ರಕ್ಕೆ ಕಳಿಸುತ್ತದೆ. ಒಂದು ಸಣ್ಣ ಪಾಲು ಮಾತ್ರ ವಿಷದ ವಸ್ತುವಾಗಿ ಬದಲಾಗುತ್ತದೆ. ಲಿವರ್‌ನಲ್ಲಿರುವ ಗ್ಲುಟಾಥಯೋನ್ ಅದನ್ನು ಆಗಿಂದಾಗ ಹಿಡಿದು ನಿರಪಾಯ ಮಾಡುತ್ತದೆ. ಡೋಸ್ ಜಾಸ್ತಿಯಾದರೆ ವಿಷದ ಪಾಲೂ ಜಾಸ್ತಿ, ಗ್ಲುಟಾಥಯೋನ್ ಖರ್ಚಾಗಿ ಹೋಗುತ್ತದೆ. ಆಮೇಲೆ ಆ ವಿಷ ಲಿವರ್‌ನ ಜೀವಕೋಶಗಳನ್ನೇ ಕೊಲ್ಲಲು ಶುರುಮಾಡುತ್ತದೆ. ಈ ಮಗು ಮೂರು ದಿನದಿಂದ ಸರಿಯಾಗಿ ಏನೂ ತಿಂದಿರಲಿಲ್ಲ. ಹೊಟ್ಟೆಗಿಲ್ಲದ ಮಗುವಿನಲ್ಲಿ ಗ್ಲುಟಾಥಯೋನ್ ಮೊದಲೇ ಕಮ್ಮಿ ಇರುತ್ತದೆ. ಗಂಜಿಯನ್ನೂ ಒಲ್ಲದ ಮಗುವಿಗೆ ಔಷಧಿ ಮಾತ್ರ ತಪ್ಪದೆ ಹೋಗುತ್ತಿದ್ದರೆ ಪೆಟ್ಟು ಬೇಗ ಬೀಳುವುದು ಇದರಿಂದಲೇ.

ಇನ್ನೂ ಕಷ್ಟದ ಸಂಗತಿ ಏನೆಂದರೆ, ಮೊದಲ ದಿನ ಇದು ತೋರಿಸಿಕೊಳ್ಳುವುದಿಲ್ಲ. ಒಂದೆರಡು ವಾಂತಿ, ಸ್ವಲ್ಪ ಮಂಕು, ಅಷ್ಟೇ. ಅದು ಜ್ವರದಿಂದ ಬಂದ ಸುಸ್ತಿನ ಹಾಗೇ ಕಾಣುತ್ತದೆ. ಮನೆಯವರು ಇನ್ನೊಂದು ಡೋಸ್ ಕೊಡುತ್ತಾರೆ.

ಚಿಕಿತ್ಸೆ

ಇದಕ್ಕೆ ಮದ್ದು ಇದೆ ಅನ್ನುವುದು ದೊಡ್ಡ ಪುಣ್ಯ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧಿ ಗ್ಲುಟಾಥಯೋನ್ ಅನ್ನು ಮತ್ತೆ ತುಂಬಿಕೊಡುತ್ತದೆ. ಒಂದೇ ಸಲಕ್ಕೆ ಜಾಸ್ತಿ ಕುಡಿದ ಮಗುವಾದರೆ 8 ಗಂಟೆಯೊಳಗೆ ಕೊಟ್ಟರೆ ಲಿವರ್ ಬಹುಮಟ್ಟಿಗೆ ಉಳಿಯುತ್ತದೆ. ಅಂಥವರಲ್ಲಿ ಕುಡಿದ 4 ಗಂಟೆಯ ನಂತರ ರಕ್ತ ತೆಗೆದು, ಅದರಲ್ಲಿರುವ ಪ್ಯಾರಸಿಟಮಾಲ್ ಮಟ್ಟವನ್ನು 1975 ರಲ್ಲಿ ರೂಮಾಕ್ ಮತ್ತು ಮ್ಯಾಥ್ಯೂ ಎಂಬ ವೈದ್ಯರು ಮಾಡಿದ ನಕ್ಷೆಯಲ್ಲಿಟ್ಟು ನೋಡಿ, ಮದ್ದು ಬೇಕೋ ಬೇಡವೋ ಎಂದು ತೀರ್ಮಾನಿಸುತ್ತೇವೆ. ನಮ್ಮ ಮಗುವಿಗೆ ಆ ನಕ್ಷೆ ಕೆಲಸಕ್ಕೆ ಬರುವುದಿಲ್ಲ. ದಿನಗಟ್ಟಲೆ ಸ್ವಲ್ಪಸ್ವಲ್ಪವಾಗಿ ಜಾಸ್ತಿ ಹೋದವರಿಗೆ ಅದನ್ನು ಬಳಸಿದರೆ ದಾರಿ ತಪ್ಪುತ್ತದೆ. ಲಿವರ್ ಅಂಕಿ ಏರಿದೆ, ಲೆಕ್ಕದಲ್ಲಿ ಡೋಸ್ ದಾಟಿದೆ, ಅಷ್ಟು ಸಾಕು, ಶುರುಮಾಡಬೇಕು.

ಹಾಗಾಗಿ ರಕ್ತದ ಮಾದರಿಯನ್ನು ಹೊರಗಿನ ಲ್ಯಾಬ್‌ಗೆ ಕಳಿಸಿ, ಫಲಿತಾಂಶಕ್ಕೆ ಕಾಯದೆ ಅವತ್ತೇ ಸಂಜೆ ಡ್ರಿಪ್ ಹಾಕಿದೆವು. ಮಾರನೇ ದಿನ ರಿಪೋರ್ಟ್ ಬಂತು. ಕೊನೆಯ ಡೋಸ್ ಕೊಟ್ಟು ಹತ್ತು ಗಂಟೆ ಕಳೆದ ಮೇಲೆ ತೆಗೆದ ರಕ್ತದಲ್ಲೂ ಪ್ಯಾರಸಿಟಮಾಲ್ ಸಾಕಷ್ಟು ಉಳಿದಿತ್ತು. ಲಿವರ್ ಚೆನ್ನಾಗಿದ್ದರೆ ಅಷ್ಟು ಹೊತ್ತಿಗೆ ಬಹುತೇಕ ಖಾಲಿಯಾಗಿರಬೇಕಿತ್ತು.

ಸಾಮಾನ್ಯವಾಗಿ ಈ ಡ್ರಿಪ್ 21 ಗಂಟೆ. ಪುಟ್ಟ ಮಕ್ಕಳಿಗೆ ಹಾಕುವಾಗ ಔಷಧಿಯಷ್ಟೇ ಜಾಗ್ರತೆಯನ್ನು ಅದನ್ನು ಬೆರೆಸುವ ನೀರಿನ ಬಗ್ಗೆಯೂ ವಹಿಸಬೇಕು. ದೊಡ್ಡವರ ಅಳತೆಯ ನೀರು ಹಾಕಿದರೆ ರಕ್ತದ ಸೋಡಿಯಂ ಕುಸಿದು ಫಿಟ್ಸ್ ಬರಬಹುದು. ತೂಕಕ್ಕೆ ತಕ್ಕ ಹಾಗೆ ಲೆಕ್ಕ ಹಾಕಿಯೇ ಕೊಟ್ಟೆವು. ಸಕ್ಕರೆ ಮೊದಮೊದಲು ಗಂಟೆಗೊಮ್ಮೆ, ಆಮೇಲೆ ಎರಡು ಗಂಟೆಗೊಮ್ಮೆ ನೋಡಿದೆವು. ವಿಟಮಿನ್ ಕೆ ಕೊಟ್ಟೆವು. ಐಎನ್‌ಆರ್ ಇನ್ನೂ ಏರಿದರೆ ಕಳಿಸಬೇಕಾಗುತ್ತದೆ ಎಂದು, ಲಿವರ್ ಕಸಿ ಮಾಡುವ ಬೆಂಗಳೂರಿನ ಒಂದು ಆಸ್ಪತ್ರೆಗೆ ಮೊದಲೇ ಫೋನ್ ಮಾಡಿಟ್ಟೆವು. ಆ ರಾತ್ರಿ ಕಷ್ಟದ್ದಾಗಿತ್ತು. 21 ಗಂಟೆ ಮುಗಿದಾಗಲೂ ಅಂಕಿ ಇಳಿದಿರಲಿಲ್ಲ, ಅದಕ್ಕೆ ಡ್ರಿಪ್ ಮುಂದುವರಿಸಿದೆವು.

ಎರಡನೇ ದಿನ ಸಂಜೆ ಐಎನ್‌ಆರ್ 1.6 ಕ್ಕೆ ಬಂತು. ಇಂಥ ಮಕ್ಕಳಲ್ಲಿ ಮೊದಲು ತಿರುಗುವುದು ಅದೇ. ಎಸ್‌ಜಿಪಿಟಿ ಇನ್ನೊಂದು ದಿನ ಏರಿ ಆಮೇಲೆ ಇಳಿಯಿತು. ಮೂರನೇ ದಿನ ಮಗು ತಾನಾಗಿ ಹಾಲು ಕೇಳಿತು. ಒಂದು ವಾರಕ್ಕೆ ಮನೆಗೆ ಹೋಯಿತು, ಮೂರು ವಾರದ ಮೇಲೆ ಮಾಡಿದ ಪರೀಕ್ಷೆಯಲ್ಲಿ ಲಿವರ್ ಪೂರ್ತಿ ಸರಿ ಇತ್ತು. ಪ್ಯಾರಸಿಟಮಾಲ್ ಪೆಟ್ಟಿನಿಂದ ಪಾರಾದ ಲಿವರ್ ಸಾಮಾನ್ಯವಾಗಿ ಯಾವ ಕಲೆಯೂ ಉಳಿಯದ ಹಾಗೆ ಮತ್ತೆ ಬೆಳೆಯುತ್ತದೆ.

ತಪ್ಪು ಎಲ್ಲಿ ಹೊಕ್ಕಿತು

ಚೀಟಿ ಬರೆದವರು, ಅಂಗಡಿಯವರು, ಅಮ್ಮ, ಚಿಕ್ಕಪ್ಪ, ಅಜ್ಜಿ. ಇವರಲ್ಲಿ ಯಾರೂ ಉಡಾಫೆ ಮಾಡಿದವರಲ್ಲ. ಅಂಗಡಿಯವರನ್ನು ಕೇಳಿದಾಗ "ಸ್ಟ್ರೆಂತ್ ಬರೆದಿರಲಿಲ್ಲ ಸರ್, ಇದ್ದದ್ದು ಕೊಟ್ವಿ" ಅಂದರು. ಅವರು ಹೇಳಿದ್ದರಲ್ಲೂ ಸುಳ್ಳಿಲ್ಲ. ಆದರೆ ಸ್ಟ್ರೆಂತ್ ಬದಲಾದರೆ ಎಂಎಲ್ ಕೂಡ ಬದಲಾಗಬೇಕು ಎಂದು ಕೌಂಟರ್‌ನಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಪ್ರತಿಯೊಬ್ಬರೂ ತಮ್ಮ ಕೈಲಿದ್ದ ಬಾಟಲಿಯನ್ನಷ್ಟೇ ನೋಡಿದರು. ಮೂರನ್ನೂ ಕೂಡಿಸಿ ನೋಡಿದವರು ಯಾರೂ ಇಲ್ಲ.

ನಮ್ಮಲ್ಲಿ ಮಕ್ಕಳ ಔಷಧಿಯನ್ನು ಎಂಎಲ್‌ನಲ್ಲೇ ಮಾತಾಡಿ ರೂಢಿ. "ಐದು ಎಂಎಲ್ ಹಾಕಿ", "ಅರ್ಧ ಮುಚ್ಚಳ ಕೊಡಿ". ಎಂಎಲ್ ಬರೀ ನೀರಿನ ಅಳತೆ. ಔಷಧಿ ಇರುವುದು ಮಿಲಿಗ್ರಾಂನಲ್ಲಿ, ಅದು ನಿಂತಿರುವುದು ಮಗುವಿನ ತೂಕದ ಮೇಲೆ. ಪ್ಯಾರಸಿಟಮಾಲ್ ಒಂದು ಸಲಕ್ಕೆ ಕೆಜಿಗೆ 10 ರಿಂದ 15 ಮಿಲಿಗ್ರಾಂ. 10 ಕೆಜಿ ಮಗುವಿಗೆ ಜಾಸ್ತಿ ಅಂದರೆ 150. ಇದೇ 150 ಮಿಲಿಗ್ರಾಂ 125 ರ ಸಿರಪ್‌ನಲ್ಲಿ 6 ಎಂಎಲ್, 250 ರ ಸಿರಪ್‌ನಲ್ಲಿ 3 ಎಂಎಲ್, ಡ್ರಾಪ್ಸ್‌ನಲ್ಲಿ ಒಂದೂವರೆ ಎಂಎಲ್. ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ, ಆರಾದರೆ ಒಳ್ಳೆಯದು. ದಿನಕ್ಕೆ ನಾಲ್ಕು ಸಲ ಮೀರಬಾರದು. ಆ ನಾಲ್ಕರಲ್ಲಿ ನೆಗಡಿ ಸಿರಪ್‌ನೊಳಗಿನ ಪ್ಯಾರಸಿಟಮಾಲ್ ಕೂಡ ಲೆಕ್ಕಕ್ಕೆ ಬರಬೇಕು.

ನನ್ನ ಚೀಟಿಯಲ್ಲಿ ಮೊದಲು ಮಗುವಿನ ತೂಕ ಬರೆಯುತ್ತೇನೆ, ಆಮೇಲೆ ಸ್ಟ್ರೆಂತ್, ಮಿಲಿಗ್ರಾಂ, ಕೊನೆಗೆ ಎಂಎಲ್. ಬೇರೆ ಸ್ಟ್ರೆಂತ್ ಕೊಟ್ಟರೆ ವಾಪಸ್ ಬಂದು ಕೇಳಿ ಎಂದು ಕನ್ನಡದಲ್ಲಿ ಒಂದು ಸಾಲು ಸೇರಿಸುತ್ತೇನೆ. ಇದಕ್ಕೆ ಅರ್ಧ ನಿಮಿಷ ಸಾಕು.

ಹೆಸರುಗಳ ಗೊಂದಲ ಇದಕ್ಕೆ ಇನ್ನಷ್ಟು ಸೇರಿಸುತ್ತದೆ. ಕ್ಯಾಲ್ಪಾಲ್, ಕ್ರೋಸಿನ್, ಡೋಲೋ, ಪ್ಯಾಸಿಮಾಲ್ ಎಲ್ಲವೂ ಪ್ಯಾರಸಿಟಮಾಲೇ. ಒಂದರಿಂದ ಜ್ವರ ಇಳಿಯಲಿಲ್ಲ ಅಂತ ಇನ್ನೊಂದು ಕೊಟ್ಟರೆ ಅದೇ ಔಷಧಿ ಎರಡನೇ ಸಲ ಕೊಟ್ಟ ಹಾಗೆ. ಅಮೆರಿಕದಲ್ಲಿರುವ ಮಗಳು, ಸೊಸೆ ಬರುವಾಗ ತರುವ ಬಾಟಲಿ ಮೇಲೆ ಅಸಿಟಾಮಿನೋಫೆನ್ ಅಂತ ಇರುತ್ತದೆ. ಅದೂ ಇದೇ. ಅಲ್ಲಿನ ಸ್ಟ್ರೆಂತ್ 5 ಎಂಎಲ್‌ಗೆ 160 ಮಿಲಿಗ್ರಾಂ. ಅಲ್ಲೂ ಹಿಂದೆ ಡ್ರಾಪ್ಸ್ ಒಂದು ಬಗೆ, ಸಿರಪ್ ಇನ್ನೊಂದು ಬಗೆ ಇದ್ದು ಮಕ್ಕಳಿಗೆ ತೊಂದರೆಯಾಗುತ್ತಿತ್ತು. 2011 ರಲ್ಲಿ ಅಲ್ಲಿನ ಕಂಪನಿಗಳು ಎಳೆಯ ಮಕ್ಕಳ ದ್ರವರೂಪದ ಔಷಧಿಯನ್ನೆಲ್ಲ ಈ ಒಂದೇ ಸ್ಟ್ರೆಂತ್‌ಗೆ ತಂದವು. ನಮ್ಮಲ್ಲೂ ಹಾಗೆ ಆಗಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇಷ್ಟೆಲ್ಲದರ ಹಿಂದೆ ಇದ್ದದ್ದು ಭಯ. ಅರ್ಧ ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟಿದ್ದಾರೆ. 102 ಕ್ಕೆ ಇಳಿದು ಮತ್ತೆ 103 ಆದರೆ ಮನೆಯೆಲ್ಲ ಎದ್ದು ಕೂತಿದೆ. ನೆಂಟರ ಮಗುವೊಂದಕ್ಕೆ ಜ್ವರದಲ್ಲಿ ಫಿಟ್ಸ್ ಬಂದಿತ್ತಂತೆ, ಹಾಗಾಗಿ ನಿದ್ದೆಯಲ್ಲಿದ್ದ ಮಗುವನ್ನು ಎಬ್ಬಿಸಿ ಕುಡಿಸಿದ್ದಾರೆ. ಆ ಭಯ ಅರ್ಥವಾಗುತ್ತದೆ. ಆದರೆ ಪ್ಯಾರಸಿಟಮಾಲ್ ಕೊಟ್ಟುಕೊಂಡೇ ಇದ್ದರೆ ಜ್ವರದ ಫಿಟ್ಸ್ ತಪ್ಪುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಜ್ವರ ದೇಹವೇ ಸೋಂಕಿನ ವಿರುದ್ಧ ಏರಿಸಿಕೊಂಡ ಕಾವು. ಔಷಧಿ ಕೊಡುವುದು ಮಗುವಿಗೆ ಹಿತವಾಗಲಿ ಅಂತ. 101 ಜ್ವರದಲ್ಲೂ ಆಟ ಆಡುತ್ತಿರುವ ಮಗುವಿಗೆ ಔಷಧಿ ಬೇಡ. ಮಲಗಿರುವ ಮಗುವನ್ನು ಬರೀ ಇದಕ್ಕಾಗಿ ಎಬ್ಬಿಸುವುದು ಬೇಡ. ಡೋಸ್ ಕೊಟ್ಟ ಮೇಲೆ ಜ್ವರ ಒಂದೆರಡು ಡಿಗ್ರಿ ಇಳಿದು ಮಗು ಸ್ವಲ್ಪ ಗೆಲುವಾದರೆ ಔಷಧಿ ತನ್ನ ಕೆಲಸ ಮಾಡಿದೆ. 98.6 ಕ್ಕೆ ಬರಲೇಬೇಕು ಎಂದೇನಿಲ್ಲ.

ಬೇರೆ ಜ್ವರದ ಔಷಧಿಗಳು

ಈ ಮನೆಯಲ್ಲಿ ಮೆಫೆನಾಮಿಕ್ ಆಸಿಡ್ ಸಿರಪ್ ಇರಲಿಲ್ಲ. ಇದ್ದಿದ್ದರೆ ಅದೂ ಹೋಗುತ್ತಿತ್ತೇನೋ. ನಮ್ಮ ಕಡೆ 'ಜ್ವರ ಬೇಗ ಇಳಿಸುವ ಔಷಧಿ' ಅಂತ ಅದಕ್ಕೆ ಹೆಸರು. ಡೆಂಗಿ ಇರಬಹುದಾದ ಕಾಲದಲ್ಲಿ ಅದನ್ನಾಗಲಿ, ಐಬುಪ್ರೊಫೆನ್ ಅನ್ನಾಗಲಿ ನಾವಾಗಿ ಕೊಡಬಾರದು. ರಕ್ತಸ್ರಾವದ ಅಪಾಯ ಜಾಸ್ತಿಯಾಗುತ್ತದೆ. ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ಮೈಮೇಲೆ ದದ್ದು, ಒಳಅಂಗಗಳಿಗೆ ಪೆಟ್ಟು ಆಗುವ ತೀವ್ರ ಅಲರ್ಜಿ ಬರಬಹುದು ಎಂದು ಭಾರತೀಯ ಫಾರ್ಮಕೋಪಿಯ ಆಯೋಗ 2023 ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ಐಬುಪ್ರೊಫೆನ್ ಒಳ್ಳೆಯ ಔಷಧಿಯೇ. ಆದರೆ ಆರು ತಿಂಗಳೊಳಗಿನ ಕೂಸಿಗೆ, ವಾಂತಿ-ಭೇದಿಯಿಂದ ನೀರು ಬತ್ತಿದ ಮಗುವಿಗೆ, ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಎದ್ದ ಮಗುವಿಗೆ ಬೇಡ. ಕೆಲವು ಸಿರಪ್‌ಗಳಲ್ಲಿ ಅದರ ಜೊತೆ ಪ್ಯಾರಸಿಟಮಾಲ್ ಕೂಡ ಇರುತ್ತದೆ, ಹಿಂಬದಿ ಓದದೆ ಗೊತ್ತಾಗುವುದಿಲ್ಲ. ನಿಮೆಸುಲೈಡ್ 12 ವರ್ಷದೊಳಗಿನವರಿಗೆ 2011 ರಿಂದಲೇ ನಿಷೇಧ. ಆಸ್ಪಿರಿನ್ ಮಕ್ಕಳ ಜ್ವರಕ್ಕೆ ಕೊಡಲೇಬಾರದು.

ಜಾಸ್ತಿ ಹೋಗಿದೆ ಅನ್ನಿಸಿದರೆ

ಮಗು ಬಾಟಲಿ ಎತ್ತಿ ಕುಡಿದಿರಲಿ, ನೀವೇ ಎರಡು ದಿನದಿಂದ ಜಾಸ್ತಿ ಕೊಟ್ಟದ್ದು ಈಗ ಗೊತ್ತಾಗಿರಲಿ, ಲಕ್ಷಣ ಕಾಣಲಿ ಎಂದು ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮನೆಯ ಎಲ್ಲ ಬಾಟಲಿಗಳನ್ನೂ ಕವರ್‌ಗೆ ಹಾಕಿಕೊಳ್ಳಿ. ಯಾವಾಗ, ಎಷ್ಟು, ಯಾರು ಕೊಟ್ಟರು ಎಂದು ನೆನಪಿರುವಷ್ಟು ಬರೆದುಕೊಂಡು ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಹೊರಡಿ. ಮಂಪರು, ನಿಲ್ಲದ ವಾಂತಿ, ಫಿಟ್ಸ್, ಕಣ್ಣು ಹಳದಿ ಇದ್ದರೆ 108 ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ವೈದ್ಯರೂ ಅಲ್ಲಿಗೆ ಫೋನ್ ಮಾಡಿ ಸಲಹೆ ಕೇಳಬಹುದು, ಮನೆಯವರೂ ಕೇಳಬಹುದು. ಮೂರು ತಿಂಗಳೊಳಗಿನ ಕೂಸಿಗೆ 100.4 ಮುಟ್ಟಿದರೆ ಮನೆಯಲ್ಲಿ ಯಾವ ಔಷಧಿಯನ್ನೂ ಹಾಕದೆ ನೇರವಾಗಿ ವೈದ್ಯರ ಹತ್ತಿರ ಕರೆದುಕೊಂಡು ಬನ್ನಿ.